ಕೈಗೂಸು, ಐದು ವರ್ಷದ ಮಗಳು: ಪ್ಯಾರಿಸ್ಸಾ, ವಿಯೆನ್ನಾನಾ?

ಇಬ್ಬರು ಪುಟ್ಟ ಮಕ್ಕಳ ಜೊತೆ ಹೊರಟಾಗ ಮೊದಲು ಲೆಕ್ಕ ಹಾಕಬೇಕಾದ್ದು ಮೆಟ್ಟಿಲು. ಪ್ಯಾರಿಸ್ ಮೆಟ್ರೋ ಶುರುವಾಗಿದ್ದು 1900ರಲ್ಲಿ. ಹೆಚ್ಚಿನ ನಿಲ್ದಾಣಗಳಿಗೆ ಲಿಫ್ಟ್ ಇಲ್ಲ. ಒಬ್ಬರು ಕೂಸನ್ನು ಎತ್ತಿಕೊಂಡು, ಇನ್ನೊಬ್ಬರು ಸ್ಟ್ರಾಲರ್ ಹೊತ್ತುಕೊಂಡು ಇಳಿಯಬೇಕು. ಆಗ ದೊಡ್ಡವಳ ಕೈ ಹಿಡಿಯುವವರು ಯಾರು? 14ನೇ ಲೈನ್ ಪರವಾಗಿಲ್ಲ, ಅಲ್ಲಿ ಎಲ್ಲ ನಿಲ್ದಾಣಕ್ಕೂ ಲಿಫ್ಟ್ ಇದೆ. ಬಸ್ಸು ನಿಧಾನ, ಆದರೆ ನೆಲ ತಗ್ಗು. ಸ್ಟ್ರಾಲರ್ ಮಡಚದೆ ಹತ್ತಿಸಬಹುದು. ವಿಯೆನ್ನಾದ ಮೆಟ್ರೋ, ಅಂದರೆ ಯು-ಬಾನ್‌ನಲ್ಲಿ ಈ ತಲೆನೋವೇ ಇಲ್ಲ, ಪ್ರತಿ ನಿಲ್ದಾಣಕ್ಕೂ ಲಿಫ್ಟ್ ಉಂಟು.

ಓಡಾಟದ ಖರ್ಚಿನಲ್ಲೂ ವಿಯೆನ್ನಾ ಹಗುರ. ಅಲ್ಲಿ 6 ತುಂಬದ ಮಕ್ಕಳಿಗೆ ಟಿಕೆಟ್ ಬೇಡ. ಪ್ಯಾರಿಸ್‌ನಲ್ಲಿ ಉಚಿತ 4ರೊಳಗಿನವರಿಗೆ ಮಾತ್ರ, ನಿಮ್ಮ ಮಗಳಿಗೆ ತೆಗೆದುಕೊಳ್ಳಬೇಕು.

ಮಕ್ಕಳ ಖುಷಿಗೆ ಎರಡೂ ಊರು ಚೆನ್ನ. ವಿಯೆನ್ನಾದ ಶೋನ್‌ಬ್ರುನ್ ಅರಮನೆಯ ತೋಟದಲ್ಲೇ 1752ರ ಮೃಗಾಲಯವಿದೆ, ಇಡೀ ದಿನ ಅಲ್ಲೇ ಕಳೆದುಹೋಗುತ್ತದೆ. ಪ್ಯಾರಿಸ್‌ನ ಲಕ್ಸೆಂಬರ್ಗ್ ತೋಟದ ಕೊಳದಲ್ಲಿ ಪುಟ್ಟ ಹಾಯಿದೋಣಿ ಬಾಡಿಗೆಗೆ ಸಿಗುತ್ತವೆ. ಮಕ್ಕಳು ಕೋಲಿನಿಂದ ತಳ್ಳಿಬಿಟ್ಟು, ಅದು ಸೇರುವ ದಡಕ್ಕೆ ಓಡುತ್ತಾರೆ. ಐದು ವರ್ಷದವಳಿಗೆ ಇದಕ್ಕಿಂತ ಇನ್ನೇನು ಬೇಕು, ಅಲ್ವಾ?

ಕೂಸು ಸ್ಟ್ರಾಲರ್‌ನಲ್ಲೇ ನಿದ್ದೆ ಮಾಡುವುದಾದರೆ, ಅಥವಾ ಜೊತೆಗೆ ಅಜ್ಜಿ ತಾತ ಬರುವುದಾದರೆ ವಿಯೆನ್ನಾಗೆ ಹೋಗಿ. ಮಗುವನ್ನು ಕ್ಯಾರಿಯರ್‌ನಲ್ಲಿ ಎದೆಗೆ ಕಟ್ಟಿಕೊಂಡು ನಡೆಯುವ ಅಭ್ಯಾಸವಿದ್ದು, ಐಫೆಲ್ ಟವರ್ ನೋಡುವ ಆಸೆ ಜಾಸ್ತಿಯಿದ್ದರೆ ಪ್ಯಾರಿಸ್ಸೇ ಸರಿ. ಸ್ಟ್ರಾಲರ್ ಒಯ್ದರೂ ಮಡಚುವಂಥದ್ದೇ ಇರಲಿ, ಮಡಚಲಾಗದ್ದನ್ನು ಟವರ್ ಒಳಗೆ ಬಿಡುವುದಿಲ್ಲ.