ಬೋರ್ಡ್ ಹಳೆಯದೇ, ಪ್ರೊಸೆಸರ್ ಮಾತ್ರ ಹೊಸದು: ರೈಜೆನ್ 7 5700ಎಕ್ಸ್3ಡಿ ಜೊತೆ ವರ್ಷ ದಾಟಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಎಎಂಡಿ ಕಂಪನಿಯ ಈ ಪ್ರೊಸೆಸರ್ ಹಾಕಿದ ಮೇಲೆ ನನ್ನ ಕಂಪ್ಯೂಟರ್‌ನಲ್ಲಿ ಎಲ್ಲ ಗೇಮ್‌ಗಳೂ ದುಪ್ಪಟ್ಟು ವೇಗದಲ್ಲಿ ಓಡುತ್ತಿಲ್ಲ. ಕೆಲವು ಗೇಮ್‌ಗಳಲ್ಲಿ ಫ್ರೇಮ್ ರೇಟ್ (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ) ಇದ್ದಲ್ಲೇ ಇದೆ. ಆದರೂ ಈ ಹಳೆಯ ಯಂತ್ರಕ್ಕೆ ಸುರಿದ ದುಡ್ಡಿನಲ್ಲಿ ಇಷ್ಟು ಸಾರ್ಥಕವಾದದ್ದು ಇನ್ನೊಂದಿಲ್ಲ ಅನ್ನಿಸಿದೆ. ಯಾಕೆ ಅಂತ ಬಿಡಿಸಿ ಹೇಳಬೇಕು.

ನನ್ನದು ಬಿ450 ಮದರ್‌ಬೋರ್ಡ್, ಅದರಲ್ಲಿ 2018ರ ರೈಜೆನ್ 5 2600. ಆರು ಕೋರ್, ಹನ್ನೆರಡು ಥ್ರೆಡ್, ಅಂದರೆ ಏಕಕಾಲಕ್ಕೆ ಹನ್ನೆರಡು ಕೆಲಸದ ಸಾಲು. ಆ ಕಾಲಕ್ಕೆ ಒಳ್ಳೆಯ ಮಾಲೇ. ಜೊತೆಗೆ 16 ಜಿಬಿ ಡಿಡಿಆರ್4 ರ‍್ಯಾಮ್, ಆಮೇಲೆ ಸೇರಿಸಿದ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್, 144 ಹರ್ಟ್ಸ್‌ನ 1080ಪಿ ಮಾನಿಟರ್. ಗ್ರಾಫಿಕ್ಸ್ ಕಾರ್ಡ್ ಬದಲಿಸಿದ ಮೇಲೂ ಗೇಮ್ ಆಗಾಗ ತಡವರಿಸುವುದು ನಿಲ್ಲಲಿಲ್ಲ. ಮೂಲೆಯಲ್ಲಿ ಫ್ರೇಮ್ ರೇಟ್ ನೋಡಿದರೆ ಸರಾಸರಿ ಚೆನ್ನಾಗಿಯೇ ಇರುತ್ತಿತ್ತು. ಜನ ಜಾಸ್ತಿ ಇರುವ ಬೀದಿಗೆ ಕಾಲಿಟ್ಟರೆ ಸಾಕು, ಚಿತ್ರ ಒಂದು ಕ್ಷಣ ಅಂಟಿಕೊಂಡು ಮುಂದೆ ಜಿಗಿಯುತ್ತಿತ್ತು.

ಇಲ್ಲಿ ಟಾಸ್ಕ್ ಮ್ಯಾನೇಜರ್ ನಂಬಬೇಡಿ. ಅದು ಪ್ರೊಸೆಸರ್ ಬಳಕೆ 45% ಅಂತ ತೋರಿಸುತ್ತದೆ, ನಾವು "ಇನ್ನೂ ಅರ್ಧ ಖಾಲಿ ಇದೆಯಲ್ಲ" ಅಂದುಕೊಳ್ಳುತ್ತೇವೆ. ಅದು ಹನ್ನೆರಡೂ ಥ್ರೆಡ್‌ಗಳ ಸರಾಸರಿ. ಬಹುಪಾಲು ಗೇಮ್‌ಗಳಲ್ಲಿ ಭಾರವೆಲ್ಲ ಒಂದೆರಡು ಥ್ರೆಡ್‌ಗಳ ಮೇಲೆಯೇ ಬೀಳುತ್ತದೆ. ಅವು ಏದುಸಿರು ಬಿಡುತ್ತಿದ್ದರೂ ಒಟ್ಟು ಲೆಕ್ಕದಲ್ಲಿ ಕಾಣುವುದಿಲ್ಲ. ನೋಡಬೇಕಾದ್ದು ಗ್ರಾಫಿಕ್ಸ್ ಕಾರ್ಡ್‌ನ ಬಳಕೆಯನ್ನು. ಫ್ರೇಮ್ ರೇಟ್‌ಗೆ ಯಾವ ಮಿತಿಯನ್ನೂ ಹಾಕದೆ ಆಡುವಾಗ ಅದು 97-99% ಇದ್ದರೆ ಪ್ರೊಸೆಸರ್ ಬದಲಿಸಿ ಪ್ರಯೋಜನವಿಲ್ಲ. 60-70%ಕ್ಕೆ ಇಳಿದು ಓಲಾಡುತ್ತಿದ್ದರೆ ಕಾರ್ಡ್ ಪ್ರೊಸೆಸರ್‌ಗಾಗಿ ಕಾಯುತ್ತಾ ಕೂತಿದೆ ಎಂದರ್ಥ. ಇನ್ನೂ ಅನುಮಾನವಿದ್ದರೆ ರೆಸಲ್ಯೂಶನ್ ಇಳಿಸಿ ನೋಡಿ. ಇಳಿಸಿದರೂ ಫ್ರೇಮ್ ರೇಟ್ ಏರದಿದ್ದರೆ ಅಡ್ಡಿ ಎಲ್ಲಿದೆ ಅಂತ ತೀರ್ಮಾನವಾದಂತೆಯೇ.

ನನ್ನ ಬೋರ್ಡ್‌ನಲ್ಲಿ ಪ್ರೊಸೆಸರ್ ಕೂರುವ ಜಾಗ, ಅಂದರೆ ಸಾಕೆಟ್, ಎಎಂ4 ಅನ್ನುವ ಬಗೆಯದು. ಈ ಸಾಕೆಟ್‌ನವರ ಅದೃಷ್ಟ ಏನೆಂದರೆ, 2017ರ ಮೊದಲ ರೈಜೆನ್ ಕೂತ ಸಾಕೆಟ್‌ನಲ್ಲೇ 2024ರ ಜನವರಿಯಲ್ಲಿ ಬಂದ 5700ಎಕ್ಸ್3ಡಿ ಕೂಡ ಕೂರುತ್ತದೆ. ಅದರ ನಂತರದ ಎಎಂ5 ಸಾಕೆಟ್‌ಗೆ ಹೋಗಬೇಕಾದರೆ ಬೋರ್ಡ್ ಬದಲಿಸಬೇಕು, ಅದು ಡಿಡಿಆರ್5 ಬಿಟ್ಟು ಬೇರೇನನ್ನೂ ಒಪ್ಪದ ಕಾರಣ ರ‍್ಯಾಮ್ ಕೂಡ ಬದಲಿಸಬೇಕು, ಅಲ್ಲಿಗೆ ಅರ್ಧ ಕಂಪ್ಯೂಟರ್ ಹೊಸದು. ನನಗೆ ಒಂದೇ ಬಿಡಿಭಾಗ ಬದಲಿಸಿ ಮುಗಿಸಬೇಕಿತ್ತು.

ಈ ಪ್ರೊಸೆಸರ್‌ನ ಗುಟ್ಟೆಲ್ಲ ಇರುವುದು ಕ್ಯಾಶ್‌ನಲ್ಲಿ, ಅಂದರೆ ಪ್ರೊಸೆಸರ್‌ನ ಒಳಗೇ ಇರುವ ಚಿಕ್ಕ, ಅತಿ ವೇಗದ ಮೆಮೊರಿಯಲ್ಲಿ. 2600ರಲ್ಲಿ 16 ಎಂಬಿ ಎಲ್3 ಕ್ಯಾಶ್ ಇತ್ತು. ಅದೂ ಮೂರು ಕೋರ್‌ಗೆ 8, ಇನ್ನು ಮೂರಕ್ಕೆ 8 ಅಂತ ಪಾಲಾಗಿತ್ತು. ಇದರಲ್ಲಿ 96 ಎಂಬಿ ಇದೆ, ಎಂಟೂ ಕೋರ್‌ಗಳಿಗೆ ಸೇರಿ ಒಂದೇ. ಮೂಲದ 32 ಎಂಬಿಯ ಮೇಲೆ 64 ಎಂಬಿಯ ಇನ್ನೊಂದು ಪದರ ಕೂರಿಸಿದ್ದಾರೆ. ಗೇಮ್‌ಗೆ ಪದೇ ಪದೇ ಬೇಕಾಗುವ ಮಾಹಿತಿ ಅಟ್ಟದ ಮೇಲಿರುವ ಬದಲು ಕೈಗೆಟಕುವ ಗೂಡಿನಲ್ಲೇ ಇದ್ದ ಹಾಗೆ. ರ‍್ಯಾಮ್‌ವರೆಗೆ ಹೋಗಿ ಬರುವ ಕಾಯುವಿಕೆ ಎಷ್ಟೋ ಉಳಿಯುತ್ತದೆ. ಹಾಗಾಗಿಯೇ 4.1 ಗಿಗಾಹರ್ಟ್ಸ್ ಮಾತ್ರ ಮುಟ್ಟುವ ಇದು, 4.6 ಮುಟ್ಟುವ ಮಾಮೂಲಿ 5700ಎಕ್ಸ್‌ಗಿಂತ ಗೇಮ್‌ಗಳಲ್ಲಿ ಮುಂದಿದೆ. ಗೇಮ್ ಬಿಟ್ಟರೆ ಲೆಕ್ಕ ತಿರುಗಾಮುರುಗಾ. ವಿಡಿಯೋ ಎಡಿಟಿಂಗೇ ನಿಮ್ಮ ಮುಖ್ಯ ಕೆಲಸವಾದರೆ 5700ಎಕ್ಸ್ ತೆಗೆದುಕೊಳ್ಳಿ, ಕರೆಂಟೂ ಕಡಿಮೆ ತಿನ್ನುತ್ತದೆ.

ಕೂರಿಸುವ ಮೊದಲಿನ ಕೆಲಸಗಳ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಯಾಕೆಂದರೆ ಜನ ಎಡವುವುದೆಲ್ಲ ಇಲ್ಲಿಯೇ. ಬೋರ್ಡ್ ತಯಾರಕರ ತಾಣದಲ್ಲಿ ಪ್ರೊಸೆಸರ್ ಬೆಂಬಲದ ಪಟ್ಟಿ ಇರುತ್ತದೆ. ಅದರಲ್ಲಿ ನಿಮ್ಮ ಪ್ರೊಸೆಸರ್‌ನ ಹೆಸರು, ಅದರ ಎದುರು ಯಾವ ಬಯೋಸ್ (ಬೋರ್ಡ್‌ನ ಮೂಲ ತಂತ್ರಾಂಶ) ಬೇಕು ಅನ್ನುವುದನ್ನು ನೋಡಿಕೊಳ್ಳಿ. ಹಳೆಯ ಪ್ರೊಸೆಸರ್ ಒಳಗಿರುವಾಗಲೇ ಬಯೋಸ್ ಅಪ್‌ಡೇಟ್ ಮುಗಿಸಬೇಕು. ವಿಂಡೋಸ್‌ನಲ್ಲಿ ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್ ಚಾಲೂ ಇದ್ದರೆ ರಿಕವರಿ ಕೀ ಬರೆದಿಟ್ಟುಕೊಂಡು, ಅದನ್ನು ತಾತ್ಕಾಲಿಕವಾಗಿ ನಿಲ್ಲಿಸಿ. ಪ್ರೊಸೆಸರ್ ಬದಲಾದೊಡನೆ ಮೊದಲ ಬೂಟ್‌ನಲ್ಲೇ ಎಫ್‌ಟಿಪಿಎಂ (ಆ ಬೀಗದ ಕೀ ಕಾಯುವ ಭಾಗ) ರೀಸೆಟ್ ಮಾಡಲೇ ಅಂತ ಕಪ್ಪು ಪರದೆಯ ಮೇಲೆ ಕೇಳುತ್ತದೆ. ಕೀ ಇಲ್ಲದೆ ಹೂಂ ಅಂದರೆ ಡಿಸ್ಕ್ ಬಾಗಿಲು ಹಾಕಿಕೊಂಡು ಕೂರುತ್ತದೆ.

ಕೂಲರ್ ಬಿಚ್ಚುವುದೂ ಒಂದು ಕಲೆಯೇ. ಎಎಂ4ನಲ್ಲಿ ಪಿನ್‌ಗಳಿರುವುದು ಪ್ರೊಸೆಸರ್‌ನ ಹೊಟ್ಟೆಯಲ್ಲಿ, 1331 ಪಿನ್. ಪ್ರೊಸೆಸರ್‌ನಿಂದ ಕೂಲರ್‌ಗೆ ಶಾಖ ದಾಟಿಸಲು ಹಚ್ಚಿದ ಥರ್ಮಲ್ ಪೇಸ್ಟ್ ಒಣಗಿ ಅಂಟಿನಂತೆ ಹಿಡಿದಿರುತ್ತದೆ; ನೇರ ಮೇಲಕ್ಕೆ ಎಳೆದರೆ ಸಾಕೆಟ್‌ನ ಲಿವರ್ ಹಾಕಿದ್ದರೂ ಪ್ರೊಸೆಸರ್ ಕೂಲರ್‌ಗೆ ಅಂಟಿಕೊಂಡೇ ಕಿತ್ತು ಬರುತ್ತದೆ. ಬಿಚ್ಚುವ ಮುಂಚೆ ಸ್ವಲ್ಪ ಹೊತ್ತು ಒಂದು ಗೇಮ್ ಓಡಿಸಿ ಪೇಸ್ಟ್ ಬಿಸಿ ಮಾಡಿದೆ. ಕಂಪ್ಯೂಟರ್ ಆರಿಸಿ, ಪ್ಲಗ್ ಕಿತ್ತು, ಸ್ಕ್ರೂ ಸಡಿಲಿಸಿ, ಕೂಲರನ್ನು ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಚಿದೆ. ಹಿಡಿತ ಬಿಟ್ಟದ್ದು ಬೆರಳಿಗೇ ಗೊತ್ತಾಗುತ್ತದೆ. ಹೊಸದನ್ನು ಕೂರಿಸುವಾಗ ಮೂಲೆಯ ಚಿನ್ನದ ಬಣ್ಣದ ತ್ರಿಕೋನವನ್ನು ಸಾಕೆಟ್‌ನ ಗುರುತಿಗೆ ಹೊಂದಿಸಿದರೆ ಅದು ತಾನಾಗಿ ಇಳಿಯುತ್ತದೆ. ಒತ್ತಬೇಕು ಅನ್ನಿಸಿದರೆ ಎಲ್ಲೋ ತಪ್ಪಿದೆ ಅಂತಲೇ ಲೆಕ್ಕ.

ಡಬ್ಬದಲ್ಲಿ ಕೂಲರ್ ಬರುವುದಿಲ್ಲ. 2600 ಜೊತೆ ಬಂದಿದ್ದ ಚಿಕ್ಕ ಕೂಲರ್ 105 ವಾಟ್‌ನ ಇದಕ್ಕೆ ಸಾಲದು. ಒಂದು ಫ್ಯಾನ್‌ನ ಸಾಧಾರಣ ಟವರ್ ಕೂಲರ್ ಹಾಕಿದ್ದೇನೆ, ಅದು ಬೇಕಾದಷ್ಟಾಯಿತು. ಗೇಮ್ ಆಡುವಾಗ ಶಾಖ ಎಪ್ಪತ್ತರ ಆಸುಪಾಸು, ಈ ಪ್ರೊಸೆಸರ್‌ನ ಮಿತಿ 90 ಡಿಗ್ರಿ. ಕಿರಿಕಿರಿ ಆದದ್ದು ಶಾಖದಿಂದಲ್ಲ, ಫ್ಯಾನ್‌ನಿಂದ. ಕ್ಯಾಶ್ ಪದರ ಮೇಲಿರುವುದರಿಂದ ಕೆಳಗಿನ ಶಾಖ ಅದನ್ನು ದಾಟಿ ಬರಬೇಕು. ಸುಮ್ಮನೆ ಬ್ರೌಸರ್ ತೆರೆದರೂ ತಾಪ ಥಟ್ಟನೆ ಏರಿ ಇಳಿಯುತ್ತದೆ, ಫ್ಯಾನ್ ಅದರ ಹಿಂದೆಯೇ ಗುಂಯ್‌ಗುಟ್ಟಿ ಸುಮ್ಮನಾಗುತ್ತದೆ. ಬಯೋಸ್‌ನಲ್ಲಿ ಫ್ಯಾನ್ ತಡವಾಗಿ ಪ್ರತಿಕ್ರಿಯಿಸುವಂತೆ ಕೆಲವು ಸೆಕೆಂಡ್ ಇಟ್ಟ ಮೇಲೆ ಅದೂ ಸರಿಹೋಯಿತು.

ಬಯೋಸ್ ಅಪ್‌ಡೇಟ್ ಆದಮೇಲೆ ಹಿಂದಿನ ಸೆಟ್ಟಿಂಗ್‌ಗಳೆಲ್ಲ ಅಳಿಸಿಹೋಗುತ್ತವೆ, ರ‍್ಯಾಮ್ ಪೂರ್ತಿ ವೇಗದಲ್ಲಿ ಓಡುವಂತೆ ಮಾಡುವ ಎಕ್ಸ್‌ಎಂಪಿ ಕೂಡ. 3200ರ ರ‍್ಯಾಮ್ ಸದ್ದಿಲ್ಲದೆ 2400ಕ್ಕೋ 2133ಕ್ಕೋ ಇಳಿದು ಕೂತಿರುತ್ತದೆ. "ಹೊಸ ಪ್ರೊಸೆಸರ್ ಹಾಕಿದೆ, ಅಂಥ ವ್ಯತ್ಯಾಸವೇನೂ ಕಾಣಲಿಲ್ಲ" ಅನ್ನುವವರು ಮೊದಲು ಇದನ್ನು ನೋಡಲಿ.

ಇನ್ನು ಗೇಮ್‌ಗಳ ವಿಚಾರ. ಕೌಂಟರ್-ಸ್ಟ್ರೈಕ್ 2ನಲ್ಲಿ ಬದಲಾವಣೆ ಮೊದಲ ಮ್ಯಾಚ್‌ನಲ್ಲೇ ಗೊತ್ತಾಯಿತು. 144 ಹರ್ಟ್ಸ್ ಪರದೆಗೆ ಪ್ರತಿ 6.9 ಮಿಲಿಸೆಕೆಂಡ್‌ಗೆ ಒಂದು ಫ್ರೇಮ್ ಸಿಗಬೇಕು. ಮೊದಲು ಹೊಗೆ, ಬೆಂಕಿ, ಹತ್ತು ಜನ ಒಟ್ಟಿಗೆ ಇದ್ದಾಗ ಈ ಲಯ ತಪ್ಪುತ್ತಿತ್ತು. ಈಗ ಒಂದೊಂದು ಫ್ರೇಮ್‌ಗೆ ಹಿಡಿದ ಸಮಯ ತೋರಿಸುವ ಫ್ರೇಮ್ ಟೈಮ್ ಗೆರೆ ಹೆಚ್ಚುಕಡಿಮೆ ನೇರ. ನಗರ ಕಟ್ಟುವ ಸಿಟೀಸ್: ಸ್ಕೈಲೈನ್ಸ್‌ನಲ್ಲಿ ಊರು ಬೆಳೆದ ಮೇಲೂ ಮೂರನೇ ವೇಗ ನಿಜವಾಗಿ ವೇಗವಾಗಿಯೇ ಇರುತ್ತದೆ. ಫ್ಯಾಕ್ಟೋರಿಯೋದ ದೊಡ್ಡ ಕಾರ್ಖಾನೆ, ಫ್ಲೈಟ್ ಸಿಮ್ಯುಲೇಟರ್‌ನ ದೊಡ್ಡ ವಿಮಾನ ನಿಲ್ದಾಣಗಳಲ್ಲೂ ಇದೇ ಅನುಭವ. ಸೈಬರ್‌ಪಂಕ್ 2077ನಲ್ಲಿ ಮಾರುಕಟ್ಟೆಯ ಜನಜಂಗುಳಿಯ ನಡುವೆ ಓಡಿದರೂ ತಡವರಿಕೆ ಹೋಗಿದೆ, ಆದರೆ ಬೆಳಕು-ನೆರಳನ್ನು ನಿಜದಂತೆ ಲೆಕ್ಕ ಹಾಕುವ ರೇ ಟ್ರೇಸಿಂಗ್ ಹಾಕಿದರೆ ಸರಾಸರಿ ಮೊದಲಿದ್ದಷ್ಟೇ. ಅಲ್ಲಿ ಸುಸ್ತಾಗುವುದು 3060. 1440ಪಿ ಅಥವಾ 4ಕೆಯಲ್ಲಿ ಆಡುವವರಿಗೆ ಈ "ಮೊದಲಿದ್ದಷ್ಟೇ" ಇನ್ನೂ ಹೆಚ್ಚು ಗೇಮ್‌ಗಳಲ್ಲಿ ಎದುರಾಗುತ್ತದೆ.

ಇಷ್ಟು ದಿನದಲ್ಲಿ ತಾನಾಗಿ ರೀಸ್ಟಾರ್ಟ್ ಆದದ್ದಾಗಲಿ ನೀಲಿ ಪರದೆಯಾಗಲಿ ನೋಡಿಲ್ಲ. ಓವರ್‌ಕ್ಲಾಕ್ ಮಾಡಿ ವೇಗ ಏರಿಸುವ ಚಪಲವಿದ್ದವರಿಗೆ ನಿರಾಸೆ ಖಚಿತ, ವೇಗ ನಿರ್ಧರಿಸುವ ಮಲ್ಟಿಪ್ಲೈಯರ್‌ಗೆ ಕಂಪನಿಯೇ ಬೀಗ ಹಾಕಿದೆ. ನನಗೆ ಅದರ ಕೊರತೆ ಕಾಡಿಲ್ಲ.

ಮುಂದೆ ಗ್ರಾಫಿಕ್ಸ್ ಕಾರ್ಡ್ ಬದಲಿಸುವಾಗ ಬಿ450ರ ಒಂದು ಮಿತಿ ಅಡ್ಡ ಬರುತ್ತದೆ: ಪ್ರೊಸೆಸರ್ ಯಾವುದೇ ಇರಲಿ, ಕಾರ್ಡ್‌ಗೆ ಸಿಗುವುದು ಪಿಸಿಐಇ 3.0 ಮಾತ್ರ, ಅಂದರೆ ಕಾರ್ಡ್ ಮತ್ತು ಪ್ರೊಸೆಸರ್ ನಡುವಿನ ಸಂಪರ್ಕದ ಹಳೆಯ, ನಿಧಾನದ ಆವೃತ್ತಿ. 3060 ಆ ಸಂಪರ್ಕದ ಹದಿನಾರು ಲೇನ್ (ಮಾಹಿತಿ ಸಾಗುವ ದಾರಿ) ಬಳಸುವುದರಿಂದ ಇಲ್ಲಿಯವರೆಗೆ ತೊಂದರೆ ಆಗಿಲ್ಲ. ಆರ್‌ಟಿಎಕ್ಸ್ 4060, ಆರ್‌ಎಕ್ಸ್ 7600 ಥರದವು ಎಂಟೇ ಲೇನ್‌ನವು. ಅದರಲ್ಲೂ ಕಾರ್ಡ್‌ನ ಮೆಮೊರಿ 8 ಜಿಬಿ ತುಂಬಿಹೋದಾಗ ಅವು ಈ ಬೋರ್ಡ್‌ನಲ್ಲಿ ಹೆಚ್ಚು ಕುಗ್ಗುತ್ತವೆ. ಹಾಗಾಗಿ ನನ್ನ ಮುಂದಿನ ಕಾರ್ಡ್ ಹದಿನಾರು ಲೇನ್‌ನದ್ದೇ, 12 ಜಿಬಿಗೆ ಕಡಿಮೆ ಇಲ್ಲದ್ದೇ ಆಗಬೇಕು ಅಂತ ಈಗಲೇ ನಿಶ್ಚಯಿಸಿಕೊಂಡಿದ್ದೇನೆ.