ಒಣ ಅಕ್ಕಿ ನೂಡಲ್ಸ್ ಪ್ಯಾಕೆಟ್ಟು: ಫೊಗೆ ಒಳ್ಳೆಯದು, ಬುನ್‌ಗೆ ನೋಡಿಕೊಂಡು, ಕಾವ್ ಲೌಗೆ ಬೇಡ

ಬೆಂಗಳೂರಿನ ದೊಡ್ಡ ದಿನಸಿ ಅಂಗಡಿಗಳಲ್ಲೂ ಆನ್‌ಲೈನಿನಲ್ಲೂ ಈಗ ಒಣ ಅಕ್ಕಿ ನೂಡಲ್ಸ್ ಸಿಗುತ್ತದೆ. ಕೆಲವು ವಿಯೆಟ್ನಾಂನವು, ಕೆಲವು ಥಾಯ್ಲೆಂಡಿನವು. ಹೆಚ್ಚಿನವುಗಳ ಮೇಲೆ ‘ರೈಸ್ ಸ್ಟಿಕ್’ ಅಥವಾ ‘ರೈಸ್ ವರ್ಮಿಸೆಲ್ಲಿ’ ಎಂದಷ್ಟೇ ಬರೆದಿರುತ್ತದೆ. ವಿಯೆಟ್ನಾಮಿನ ಅಡುಗೆ ಮಾಡಲು ಹೊರಟವರಿಗೆ ಇಷ್ಟು ಸಾಲದು. ಅಲ್ಲಿ ಊರು ಬದಲಾದರೆ ಎಳೆಯೂ ಬದಲಾಗುತ್ತದೆ. ಹನೋಯಿಯ ಫೊ ಎಂಬ ನೂಡಲ್ಸ್ ಸಾರಿಗೆ ಚಪ್ಪಟೆ ಪಟ್ಟಿ, ಹ್ವೆ ಊರಿನ ಖಾರದ ನೂಡಲ್ಸ್ ಸಾರು ಬುನ್ ಬೊಗೆ ದಪ್ಪನೆಯ ದುಂಡು ಎಳೆ, ಕ್ವಾಂಗ್ ನಾಮ್ ಸೀಮೆಯ ಮೀ ಕ್ವಾಂಗ್‌ಗೆ ಬೆರಳಗಲದ ಪಟ್ಟಿ. ಸಾರು ಎಷ್ಟೇ ಚೆನ್ನಾಗಿದ್ದರೂ ಎಳೆ ತಪ್ಪಾದರೆ ಬಟ್ಟಲೇ ಕೆಡುತ್ತದೆ.

ಕೊಳ್ಳುವಾಗ ಮೊದಲು ನೋಡಬೇಕಾದ್ದು ಅಗಲ. ಚಪ್ಪಟೆ ಎಳೆಗಳು ಸಾಮಾನ್ಯವಾಗಿ 1, 3, 5 ಮತ್ತು 10 ಮಿಲಿಮೀಟರ್ ಅಳತೆಯಲ್ಲಿ ಬರುತ್ತವೆ. ಆಮೇಲೆ ಪದಾರ್ಥಗಳ ಪಟ್ಟಿ ಓದಿ. ಅಕ್ಕಿ ಮತ್ತು ನೀರು ಮಾತ್ರ ಇದ್ದರೆ ಎಳೆ ಮೆತ್ತಗಿರುತ್ತದೆ, ಬೇಗ ತುಂಡಾಗುತ್ತದೆ. ಮರಗೆಣಸಿನ ಪಿಷ್ಟ ಸೇರಿದ್ದರೆ ಹೊಳಪೂ ಜಗಿತವೂ ಹೆಚ್ಚು. ಪ್ಯಾಕೆಟ್ಟಿನ ತಳದಲ್ಲಿ ಪುಡಿ, ಚೂರು ಕಂಡರೆ ತೆಗೆದುಕೊಳ್ಳಬೇಡಿ. ಆ ಚೂರುಗಳೇ ನೀರಿಗೆ ಬಿದ್ದು ಅಂಟಾಗುತ್ತವೆ.

ಈ ಪ್ಯಾಕೆಟ್ಟು ನಿಜವಾಗಿ ಗೆಲ್ಲುವುದು ಫೊದಲ್ಲಿ. ಅದಕ್ಕೆ ಕಾರಣವಿದೆ. ಫೊ ಎಳೆಯ ಮೂಲವೇ ಹಾಳೆ: ಅಕ್ಕಿ ಹಿಟ್ಟನ್ನು ತೆಳ್ಳಗೆ ಹರಡಿ ಹಬೆಯಲ್ಲಿ ಬೇಯಿಸಿ ಪಟ್ಟಿಯಾಗಿ ಕೊಯ್ಯುತ್ತಾರೆ. ಒಣ ಎಳೆ ಎಂದರೆ ಅದೇ ಹಾಳೆ ಒಣಗಿದ್ದು. ತಾಜಾ ಎಳೆಯ ರೇಷ್ಮೆಯಂಥ ನುಣುಪು ಸ್ವಲ್ಪ ಹೋಗುತ್ತದೆ, ಉಳಿದದ್ದೆಲ್ಲ ಇರುತ್ತದೆ. ಉತ್ತರದ ಹನೋಯಿ ರೀತಿಗೆ 5 ಮಿ.ಮೀ., ಸೊಪ್ಪು, ಮೊಳಕೆ, ಸಿಹಿ ಸಾಸ್ ಹಾಕಿಕೊಂಡು ತಿನ್ನುವ ದಕ್ಷಿಣದ ಸೈಗಾನ್ ರೀತಿಗೆ 3 ಮಿ.ಮೀ. ಕೊಳ್ಳಿ.

ಕವರಿನ ಮೇಲೆ ‘5–6 ನಿಮಿಷ ಕುದಿಸಿ’ ಎಂದಿದ್ದರೆ ಅದನ್ನು ಕೇಳಬೇಡಿ. ಹೊರಗಿನ ಪದರ ಬೆಂದು ಕರಗುವ ಹೊತ್ತಿಗೂ ನಡುವೆ ಬಿಳಿ ಗಟ್ಟಿ ಉಳಿದಿರುತ್ತದೆ. ಬದಲಿಗೆ ಒಂದು ಬಟ್ಟಲಿಗೆ 80 ಗ್ರಾಂ ಒಣ ಎಳೆಯನ್ನು ತಣ್ಣೀರಿನಲ್ಲಿ 30ರಿಂದ 40 ನಿಮಿಷ ನೆನೆಸಿ. ಬೆರಳಿಗೆ ಸುತ್ತಿದರೆ ಮುರಿಯದೆ ಬಾಗಬೇಕು, ಬಣ್ಣ ಇನ್ನೂ ಬೆಳ್ಳಗಿರಬೇಕು. ನೆನೆದ ಎಳೆಯನ್ನು ಜಾಲರಿಯಲ್ಲಿ ಹಾಕಿ ಕುದಿಯುವ ನೀರಿನಲ್ಲಿ ಅದ್ದಿ: 3 ಮಿ.ಮೀ. ಆದರೆ 15 ಸೆಕೆಂಡು, 5 ಆದರೆ 30. ತೆಗೆದು ಚೆನ್ನಾಗಿ ಕೊಡವಿ, ಬಟ್ಟಲಿಗೆ ಹಾಕಿ, ಮೇಲೆ 400ರಿಂದ 450 ಮಿ.ಲೀ. ಕುದಿಯುವ ಸಾರು ಸುರಿಯಿರಿ. ಕೊಡವದೆ ಬಿಟ್ಟರೆ ಉಳಿದ ನೀರಿಗೇ ಸಾರು ಸಪ್ಪೆಯಾಗುತ್ತದೆ. ಎಳೆಯಲ್ಲಿ ಹೆಚ್ಚು ಉಪ್ಪಿರುವುದಿಲ್ಲವಾದ್ದರಿಂದ ಸಾರಿನ ಉಪ್ಪು ಬಾಯಿಗೆ ಒಂದು ಚಿಟಿಕೆ ಮುಂದಿರಲಿ. ಎಳೆಯನ್ನು ಸಾರಿನಲ್ಲೇ ಬೇಯಿಸುವುದು ಮಾತ್ರ ಎಂದಿಗೂ ಬೇಡ. ಚಕ್ರಮೊಗ್ಗು, ಚಕ್ಕೆ, ಸುಟ್ಟ ಶುಂಠಿ ಈರುಳ್ಳಿ ಹಾಕಿ ಗಂಟೆಗಟ್ಟಲೆ ಸಣ್ಣ ಉರಿಯಲ್ಲಿಟ್ಟು ತಿಳಿಯಾಗಿಸಿದ ಸಾರು ಒಂದೇ ನಿಮಿಷದಲ್ಲಿ ಗಂಜಿಯಂತಾಗುತ್ತದೆ.

ಮಿಕ್ಕ ಎಳೆ ಫ್ರಿಜ್ಜಿನಲ್ಲಿ ಕಡ್ಡಿಯಂತೆ ಬಿರುಸಾದರೆ ಕೆಟ್ಟಿತೆಂದು ಎಸೆಯಬೇಡಿ. ತಂಗಳನ್ನದ ಹಾಗೆಯೇ ಪಿಷ್ಟ ಗಟ್ಟಿಯಾಗಿರುತ್ತದೆ ಅಷ್ಟೆ. ಕುದಿಯುವ ನೀರಿನಲ್ಲಿ 20 ಸೆಕೆಂಡು ಅದ್ದಿದರೆ ಮೆತ್ತಗಾಗುತ್ತದೆ.

ಬುನ್ ವಿಷಯ ಬೇರೆ. ಅದು ಹಾಳೆಯಲ್ಲ, ಒತ್ತಿದ ದುಂಡು ಎಳೆ. ಸಾಂಪ್ರದಾಯಿಕ ರೀತಿಯಲ್ಲಿ ಅಕ್ಕಿ ನೆನೆಸಿ ರುಬ್ಬಿ, ಒಂದೆರಡು ದಿನ ಹುಳಿ ಬರಿಸಿ, ನೀರು ಬಸಿದು ನಾದಿ, ತೂತುಗಳ ಮೂಲಕ ನೇರ ಕುದಿಯುವ ನೀರಿಗೇ ಒತ್ತುತ್ತಾರೆ, ಕೂಡಲೇ ತಣ್ಣೀರಿನಲ್ಲಿ ತೊಳೆಯುತ್ತಾರೆ. ನಮ್ಮ ಒತ್ತು ಶಾವಿಗೆ ಇದರ ಹತ್ತಿರದ ನೆಂಟ, ಆದರೆ ನಮ್ಮದು ಮೊದಲು ಬೇಯಿಸಿ ಆಮೇಲೆ ಒತ್ತುವುದು, ಹುಳಿ ಬರಿಸುವುದಿಲ್ಲ, ತೊಳೆಯುವುದೂ ಇಲ್ಲ. ಒಣ ಪ್ಯಾಕೆಟ್ಟಿನಲ್ಲಿ ಆ ಸಣ್ಣ ಹುಳಿವಾಸನೆ ಇರುವುದಿಲ್ಲ. ಬುನ್ ಇಷ್ಟಪಡುವವರಿಗೆ ಇದು ದೊಡ್ಡ ಕೊರತೆಯೇ.

ಹನೋಯಿಯ ಬುನ್ ಚಾಗೆ ತೆಳು ದುಂಡು ಎಳೆ ನಡೆಯುತ್ತದೆ. ಅಲ್ಲಿ ಎಳೆಯನ್ನು ಬೇರೆ ತಟ್ಟೆಯಲ್ಲಿ ಕೊಟ್ಟು, ಕೆಂಡದಲ್ಲಿ ಸುಟ್ಟ ಹಂದಿಮಾಂಸವನ್ನು ಉಗುರುಬೆಚ್ಚಗಿನ ಮೀನಿನ ಸಾಸ್ ನೀರಿನಲ್ಲಿ ಹಾಕಿರುತ್ತಾರೆ, ಎಳೆಯನ್ನು ಅದಕ್ಕೆ ಅದ್ದಿ ತಿನ್ನುವುದು. ಮೀನಿನ ಸಾಸ್, ಸಕ್ಕರೆ, ವಿನಿಗರ್ ತಲಾ 1 ಪಾಲು, ನೀರು 5 ಪಾಲು ಎಂಬ ಲೆಕ್ಕದಿಂದ ಶುರುಮಾಡಿ ರುಚಿ ನೋಡಿ ಸರಿಮಾಡಿಕೊಳ್ಳಿ. ಎಳೆಯನ್ನು ಕುದಿಯುವ ನೀರಿನಲ್ಲಿ 3 ನಿಮಿಷ ಬೇಯಿಸಿ, ತಣ್ಣೀರಿನಲ್ಲಿ ಕೈಯಾಡಿಸಿ ತೊಳೆದು, 15 ನಿಮಿಷ ಬಸಿಯಲು ಬಿಡಿ. ಬಸಿಯದಿದ್ದರೆ ಸಾಸ್ ನೀರಾಗುತ್ತದೆ. ಇಲ್ಲಿ ಪ್ಯಾಕೆಟ್ಟಿಗಿಂತ ಮನೆಯ ತಾಜಾ ಒತ್ತು ಶಾವಿಗೆಯೇ ಮೇಲು ಎಂದು ಧೈರ್ಯವಾಗಿ ಹೇಳಬಹುದು. ಸಾರಿನ ಬಟ್ಟಲಿಗೆ ಮಾತ್ರ ಅದನ್ನು ಹಾಕಬೇಡಿ, ಬಿಸಿ ಸಾರಿನಲ್ಲಿ ಬಿಡಿಸಿಕೊಂಡು ಕಲೆಸಿದಂತಾಗುತ್ತದೆ.

ಹ್ವೆಯ ಬುನ್ ಬೊಗೆ ತೆಳು ವರ್ಮಿಸೆಲ್ಲಿ ಹಾಕುವುದು ಎಲ್ಲರೂ ಮಾಡುವ ತಪ್ಪು. ಆ ಸಾರಿನಲ್ಲಿ ಮಜ್ಜಿಗೆ ಹುಲ್ಲಿನ ಘಮ, ಮೆಣಸಿನ ಖಾರ, ಅನ್ನಾಟೊ ಬೀಜದ ಕೆಂಪು ಎಣ್ಣೆ, ಜೊತೆಗೆ ಹುದುಗಿಸಿದ ಸೀಗಡಿಯ ಮಾಮ್ ರುವೋಕ್ ಇರುತ್ತದೆ. ತೆಳು ಎಳೆ ಐದೇ ನಿಮಿಷದಲ್ಲಿ ಈ ಸಾರನ್ನೆಲ್ಲ ಕುಡಿದು ಮುದ್ದೆಯಾಗುತ್ತದೆ. ಸುಮಾರು 2 ಮಿ.ಮೀ. ದಪ್ಪದ ದುಂಡು ಎಳೆಯನ್ನೇ ಹುಡುಕಿ. ಅದನ್ನು 10 ನಿಮಿಷ ಕುದಿಸಿ, ಉರಿ ಆರಿಸಿ 5 ನಿಮಿಷ ಮುಚ್ಚಿಡಿ. ಒಂದೆಳೆ ಮುರಿದಾಗ ನಡುವೆ ಬಿಳಿ ಚುಕ್ಕೆ ಇರಬಾರದು. ಆಮೇಲೆ ತೊಳೆಯಿರಿ. ಮಾಮ್ ರುವೋಕನ್ನು ನೇರ ಪಾತ್ರೆಗೆ ಹಾಕಿದರೆ ಸಾರು ಕದಡಿ ಅಡಿಯಲ್ಲಿ ಮರಳಿನಂತೆ ಸಿಗುತ್ತದೆ. 3 ಲೀಟರ್ ಸಾರಿಗೆ ಒಂದೂವರೆ ದೊಡ್ಡ ಚಮಚ ಸಾಕು. ಅದನ್ನು ಅರ್ಧ ಲೀಟರ್ ನೀರಿನಲ್ಲಿ ಕರಗಿಸಿ, ಒಂದು ಕುದಿ ಬರಿಸಿ, ಗಂಟೆ ಹೊತ್ತು ತಿಳಿಯಲು ಬಿಟ್ಟು ಮೇಲಿನ ನೀರನ್ನಷ್ಟೇ ಸಾರಿಗೆ ಬಗ್ಗಿಸಿ. ಅನ್ನಾಟೊ ಬೀಜಕ್ಕೆ ಸಣ್ಣ ಉರಿ, ಎಣ್ಣೆ ಕೆಂಪಾದ ಕೂಡಲೇ ಸೋಸಿಬಿಡಿ. ಬೀಜ ಕಪ್ಪಾದರೆ ಕಹಿ.

ದಕ್ಷಿಣದ ಹು ತಿಯು ಎಂಬ ನೂಡಲ್ಸ್ ಸಾರಿಗೆ ಮರಗೆಣಸಿನ ಪಿಷ್ಟ ಸೇರಿದ ತೆಳು ಚಪ್ಪಟೆ ಎಳೆ ಚೆನ್ನಾಗಿಯೇ ಹೊಂದುತ್ತದೆ, ಫೊದಂತೆಯೇ ನೆನೆಸಿ ಅದ್ದಿದರಾಯಿತು.

ಮೀ ಕ್ವಾಂಗ್‌ಗೆ 10 ಮಿ.ಮೀ. ಪಟ್ಟಿ ಸಿಕ್ಕರೂ ಒಣ ಎಳೆ ಸಪ್ಪೆ. ಅಲ್ಲಿ ಸಾರು ಬಟ್ಟಲಿನ ತಳದಲ್ಲಿ 100 ಮಿ.ಲೀ. ಆಸುಪಾಸು ಮಾತ್ರ, ಹಾಗಾಗಿ ಎಳೆಗೇ ರುಚಿ ಇರಬೇಕು. ಮನೆಯಲ್ಲೇ ಮಾಡಿಕೊಳ್ಳುವುದು ಕಷ್ಟವಲ್ಲ: ಅಕ್ಕಿ ಹಿಟ್ಟು 150 ಗ್ರಾಂ, ಮರಗೆಣಸಿನ ಪಿಷ್ಟ 30 ಗ್ರಾಂ, ನೀರು 400 ಮಿ.ಲೀ., ಕಾಲು ಚಮಚ ಅರಿಸಿನ, ಉಪ್ಪು. ಕಲಸಿ ಒಂದು ಗಂಟೆ ಬಿಡಿ. ಹಿಟ್ಟು ನೀರುದೋಸೆಗಿಂತ ತುಸು ಮಂದವಿರಲಿ. ಎಣ್ಣೆ ಸವರಿದ ತಟ್ಟೆಗೆ ತೆಳ್ಳಗೆ ಹೊಯ್ದು ಹಬೆಯಲ್ಲಿ 3 ನಿಮಿಷ ಬೇಯಿಸಿ, ಕಡಲೆಕಾಯಿ ಎಣ್ಣೆ ಸವರಿ, ಆರಿದ ಮೇಲೆ 1 ಸೆಂ.ಮೀ. ಅಗಲಕ್ಕೆ ಕೊಯ್ಯಿರಿ. ಬಿಸಿಯಿದ್ದಾಗ ಕೊಯ್ದರೆ ಚಾಕುವಿಗೆ ಅಂಟುತ್ತದೆ. ಪ್ರತಿ ಸಲ ಹೊಯ್ಯುವ ಮುಂಚೆ ಹಿಟ್ಟು ಕದಡಿ, ಇಲ್ಲವಾದರೆ ಪಿಷ್ಟ ತಳಕ್ಕಿಳಿದು ಕೊನೆಯ ಹಾಳೆಗಳು ರಬ್ಬರಿನಂತಾಗುತ್ತವೆ.

ಹೋಯಿ ಆನ್ ಊರಿನ ಕಾವ್ ಲೌ ಎಂಬ ನೂಡಲ್ಸ್ ತಿನಿಸಿಗೆ ಈ ಪ್ಯಾಕೆಟ್ಟುಗಳಲ್ಲಿ ಯಾವುದೂ ಆಗದು. ಆ ಎಳೆಗೆ ಅಕ್ಕಿಯನ್ನೇ ಬೂದಿನೀರಿನಲ್ಲಿ ನೆನೆಸುತ್ತಾರೆ. ಬೂದಿ ಎದುರಿನ ಚಾಮ್ ದ್ವೀಪದ ಮರದ್ದು, ನೀರು ಊರಿನ ಬಾ ಲೆ ಬಾವಿಯದು ಎಂಬುದು ಅಲ್ಲಿಯ ವಾಡಿಕೆ. ಬೂದಿಯ ಕ್ಷಾರದಿಂದಲೇ ಎಳೆಗೆ ಮಣ್ಣಿನಂಥ ಹಳದಿ ಬಣ್ಣ, ಹಲ್ಲಿಗೆ ಸಿಗುವ ಗಟ್ಟಿತನ. ಒಣ ಎಳೆಯನ್ನು ಅಡುಗೆ ಸೋಡಾದ ನೀರಿನಲ್ಲಿ ನೆನೆಸಿದರೆ ಇದು ಬರುವುದಿಲ್ಲ. ಕ್ಷಾರ ಹಿಟ್ಟಿನೊಳಗೇ ಸೇರಿರಬೇಕು. ಆಗಲೇ ಬೆಂದು ಒಣಗಿದ ಎಳೆಯ ಮೇಲ್ಮೈಯನ್ನು ಸೋಡಾ ಲೋಳೆ ಮಾಡಿ ಸಾಬೂನಿನ ರುಚಿ ಬಿಟ್ಟು ಹೋಗುತ್ತದೆ.