ಪಿಎಲ್‌ಎ ಜೊತೆ ನ್ಯಾನೋ ಜೇಡಿ: ಗೆದ್ದದ್ದು ಇದೇ, ಆದರೆ ನೀರಿನ ಕಾಟ ಇದ್ದೇ ಇದೆ

ಪಿಎಲ್‌ಎ, ಪಿಎಚ್‌ಬಿವಿ, ಪಿಬಿಎಟಿ ಎಂಬ ಮೂರು ಕೊಳೆಯಬಲ್ಲ ಪ್ಲಾಸ್ಟಿಕ್‌ಗಳನ್ನೂ ಒಂದೇ ಚಿಕ್ಕ ಜೋಡಿ-ಸ್ಕ್ರೂ ಎಕ್ಸ್‌ಟ್ರೂಡರಿಗೆ (ಕರಗಿಸಿ, ಬೆರೆಸಿ, ಹೊರತಳ್ಳುವ ಯಂತ್ರ) ಹಾಕಿ ನೋಡಿದ ಮೇಲೆ ನನ್ನ ಓಟು ಪಿಎಲ್‌ಎಗೆ. ಬರೀ ಪಿಎಲ್‌ಎಗಲ್ಲ, ಶೇ 3ರಷ್ಟು ಕ್ಲಾಯ್ಸೈಟ್ 30ಬಿ ಎಂಬ, ಅಮೋನಿಯಂ ಸಂಯುಕ್ತ ಲೇಪಿಸಿದ ತೆಳು ಪದರಗಳ ಜೇಡಿ ಬೆರೆಸಿದ್ದಕ್ಕೆ. ಹಾಳೆ ಬಿಗಿಯಾಗುತ್ತದೆ, ಆಮ್ಲಜನಕ ನುಸುಳುವುದು ಕಡಿಮೆಯಾಗುತ್ತದೆ, ಬಿಸಿ ಕಾಂಪೋಸ್ಟಿನಲ್ಲಿ ಬೇಗ ಒಡೆಯುತ್ತದೆ.

ತಲೆ ತಿನ್ನುವುದು ತೇವಾಂಶ. ಪಿಎಲ್‌ಎ ಗುಳಿಗೆಗಳನ್ನು ಒಣಗಿಸಬೇಕು, ನೀರನ್ನು 250 ಪಿಪಿಎಂಗಿಂತ (ತೂಕದ ಹತ್ತು ಲಕ್ಷ ಭಾಗದಲ್ಲಿ 250) ಕೆಳಗಿಳಿಸಬೇಕು ಎಂಬುದು ಎಲ್ಲರಿಗೂ ಗೊತ್ತು. ಮರೆಯುವುದು ಜೇಡಿಯನ್ನು. ಡಬ್ಬಿಯಿಂದ ತೆಗೆದ ಜೇಡಿಯಲ್ಲಿ ಶೇ 2ರಷ್ಟು ನೀರಿದ್ದರೆ, ಶೇ 3ರ ಮಿಶ್ರಣಕ್ಕೆ ಅದೊಂದೇ 600 ಪಿಪಿಎಂ ನೀರು ತರುತ್ತದೆ. ಸರಾಸರಿ ಅಣುತೂಕ 1,00,000 ಇರುವ ಪಿಎಲ್‌ಎಯ ಒಂದು ಗ್ರಾಮಿನಲ್ಲಿ ಅಣು ಸರಪಳಿಗಳು 10 ಮೈಕ್ರೋಮೋಲ್ (ಅಣುಗಳ ಎಣಿಕೆಯ ಅಳತೆ). 600 ಪಿಪಿಎಂ ಅಂದರೆ ನೀರು 33 ಮೈಕ್ರೋಮೋಲ್. ಒಂದು ನೀರಿನ ಅಣು ಸರಪಳಿಯ ಕೊಂಡಿಯಾದ ಒಂದು ಎಸ್ಟರ್ ಬಂಧ ಕಡಿಯುತ್ತದೆ. ಅಷ್ಟೂ ನೀರು ಕೆಲಸ ಮಾಡಿದರೆ ಅಣುತೂಕ 23,000ಕ್ಕೆ ಕುಸಿಯುತ್ತದೆ. ಅಷ್ಟಾಗುವುದಿಲ್ಲ, ಸ್ವಲ್ಪ ನೀರು ಆವಿಯಾಗಿ ಹೋಗುತ್ತದೆ. ಅರ್ಧ ಆದರೂ ಹಾಳೆ ಕೆಟ್ಟಂತೆಯೇ.

ಲಕ್ಷಣ ನೋಡಿ: ಟಾರ್ಕ್ (ಸ್ಕ್ರೂ ತಿರುಗಿಸಲು ಬೇಕಾದ ಬಲ) ಹಠಾತ್ತನೆ ಇಳಿಯುತ್ತದೆ, ಯಂತ್ರದ ಬಾಯಿಯಾದ ಡೈನಿಂದ ಬರುವ ಎಳೆ ಜೋತು ಬೀಳುತ್ತದೆ, ತಣ್ಣಗಾದ ಹಾಳೆ ಮಡಿಸಿದರೆ ಪಟ್ಟನೆ ಮುರಿಯುತ್ತದೆ. ಜೇಡಿ ಸರಿಯಾಗಿ ಹರಡಿಲ್ಲ ಅಂತ ಸ್ಕ್ರೂ ವೇಗ ಹೆಚ್ಚಿಸಲು ಹೋಗಬೇಡಿ. ಘರ್ಷಣೆಗೆ ಕರಗಿನ ಬಿಸಿ ಮೀಟರಿನ ಅಂಕಿಯನ್ನೂ ದಾಟುತ್ತದೆ, ಜೇಡಿಯ ಅಮೋನಿಯಂ ಲೇಪ 200 ಡಿಗ್ರಿ ಸುತ್ತಮುತ್ತ ಒಡೆಯಲು ಶುರುವಾಗುತ್ತದೆ, ಹಾಳೆ ಕಂದು ತಿರುಗುತ್ತದೆ. ಎಕ್ಸ್-ರೇ ವಿವರ್ತನೆಯಲ್ಲಿ ಜೇಡಿಯ 4.8 ಡಿಗ್ರಿಯ ಶಿಖರ ಎಡಕ್ಕೆ ಸರಿದಿದ್ದರೆ ಅದರ ಪದರಗಳ ನಡುವೆ ಪಾಲಿಮರ್ ನುಗ್ಗಿದೆ ಎಂದರ್ಥ. ಬಲಕ್ಕೆ ಸರಿದಿದ್ದರೆ ಲೇಪ ಹೋಗಿದೆ.

ಹಾಗಾಗಿ ಜೇಡಿಯನ್ನು ತೆಳ್ಳಗೆ ಹರಡಿ 80 ಡಿಗ್ರಿಯಲ್ಲಿ, ನಿರ್ವಾತದಲ್ಲಿ, ರಾತ್ರಿಯಿಡೀ ಇಡಿ. ಸ್ಫಟಿಕೀಕರಿಸಿದ ಗುಳಿಗೆಗೂ ಅದೇ 80 ಡಿಗ್ರಿ, ಆರು ಗಂಟೆ. ಪಾರದರ್ಶಕ ಗುಳಿಗೆಯಾದರೆ 50 ದಾಟಬೇಡಿ, 60ರ ಹತ್ತಿರ ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತದೆ. ಒಣಗಿದ್ದನ್ನು ತೆರೆದ ಹಾಪರಿಗೆ ಸುರಿದು ಊಟಕ್ಕೆ ಹೋದರೆ ಒಣಗಿಸಿದ್ದು ದಂಡ.

ಪಿಎಚ್‌ಬಿವಿಯ ದೊಡ್ಡ ಗುಣ, ಅದು ಕೊಳೆಯಲು ಬಿಸಿ ಬೇಡ. ಸಾಮಾನ್ಯ ಮಣ್ಣಿನಲ್ಲೂ ಸಮುದ್ರದಲ್ಲೂ ಸೂಕ್ಷ್ಮಜೀವಿಗಳ ಕಿಣ್ವ ಅದನ್ನು ಮೇಲ್ಮೈಯಿಂದ ಕೆರೆದು ತಿನ್ನುತ್ತದೆ. ಹಾಳೆ ತೆಳುವಾಗುತ್ತ ಹೋದರೂ ಉಳಿದ ಭಾಗದ ಅಣುತೂಕ ಹೆಚ್ಚು ಬದಲಾಗುವುದಿಲ್ಲ. ಆದರೆ ಕರಗುವ ಬಿಂದುವಿಗೂ ಹಾಳಾಗುವ ಬಿಂದುವಿಗೂ ಅಂತರ ಕಮ್ಮಿ, ಅಮೋನಿಯಂ ಜೇಡಿ ಹಾಕಿದರೆ ಇನ್ನೂ ಕಮ್ಮಿ. ಮೊದಲ ದಿನ ಚೆನ್ನಾಗಿ ಬಾಗುವ ಹಾಳೆ ಕೆಲವು ವಾರದಲ್ಲಿ ತಾನಾಗಿ ಗಡುಸಾಗಿ ಸಿಡಿಯುತ್ತದೆ.

ಪಿಬಿಎಟಿ ಚೀಲಕ್ಕೆ ಸರಿ, ಗಟ್ಟಿ ವಸ್ತುವಿಗೆ ಮೆತ್ತಗಾಯಿತು.

ಸೆಲ್ಯುಲೋಸ್ ನ್ಯಾನೋ ಹರಳುಗಳನ್ನೂ ಪಿಎಲ್‌ಎಗೆ ಹಾಕಿ ನೋಡಿ ಕೈಬಿಟ್ಟಿದ್ದೇನೆ. ಒಣಪುಡಿಯಾದ ಮೇಲೆ ಗಂಟುಕಟ್ಟಿದ್ದು ಕರಗಿನಲ್ಲಿ ಬಿಡಿಸಿಕೊಳ್ಳುವುದಿಲ್ಲ.

ಒಡೆಯುವುದನ್ನು ತೂಕದಿಂದ ಅಳೆಯಬೇಡಿ. ಪಿಎಲ್‌ಎ 58 ಡಿಗ್ರಿ ಕಾಂಪೋಸ್ಟಿನಲ್ಲಿ ಮೊದಲು ನೀರಿನಿಂದ ಒಳಗೊಳಗೇ ತುಂಡಾಗುತ್ತದೆ. ಬೆಳ್ಳಗಾಗಿ ಪುಡಿಪುಡಿಯಾಗುವ ಹಂತಕ್ಕೂ ತೂಕ ಹೆಚ್ಚು ಇಳಿದಿರುವುದಿಲ್ಲ. ಸಣ್ಣ ತುಂಡುಗಳಾದ ಮೇಲಷ್ಟೇ ಸೂಕ್ಷ್ಮಜೀವಿಗಳ ಪಾಲು. ಮೊದಲ ವಾರಗಳಲ್ಲಿ ಹಾಳೆಯನ್ನು ಕರಗಿಸಿದ ದ್ರಾವಣದ ಸ್ನಿಗ್ಧತೆ ನೋಡಿ (ಅಣುತೂಕ ಇಳಿದಂತೆ ಅದೂ ಇಳಿಯುತ್ತದೆ), ಆಮೇಲೆ ಸೂಕ್ಷ್ಮಜೀವಿಗಳು ಬಿಡುವ ಇಂಗಾಲದ ಡೈಆಕ್ಸೈಡ್. ಜೊತೆಗೆ ಸೆಲ್ಯುಲೋಸ್ ಪುಡಿಯ ಪಾತ್ರೆಯೊಂದು ಇರಲಿ. ಅದು 45 ದಿನದಲ್ಲಿ ಶೇ 70ಕ್ಕಿಂತ ಹೆಚ್ಚು ಕೊಳೆಯದಿದ್ದರೆ ನಿಮ್ಮ ಕಾಂಪೋಸ್ಟೇ ಸತ್ತಿದೆ.

ನನ್ನಲ್ಲಿ ನಿರ್ವಾತ ಒಲೆಯೂ ಬಿಸಿ ಕಾಂಪೋಸ್ಟೂ ಇವೆ, ಪಿಎಚ್‌ಬಿವಿಗೆ ಸುರಿಯುವಷ್ಟು ಹಣವಿಲ್ಲ, ಅದಕ್ಕೇ ಪಿಎಲ್‌ಎ. ನಿಮ್ಮ ವಸ್ತು ತಣ್ಣನೆ ಮಣ್ಣಿಗೆ ಬೀಳುವುದಾದರೆ ಪಿಎಲ್‌ಎ ವರ್ಷ ಕಳೆದರೂ ಹಾಗೇ ಬಿದ್ದಿರುತ್ತದೆ, ಜೇಡಿ ಹಾಕಿದರೂ ಅಷ್ಟೇ. ಅಲ್ಲಿ ಪಿಎಚ್‌ಬಿವಿಯನ್ನೇ ತೆಗೆದುಕೊಳ್ಳಿ.